ದಿನಕ್ಕೆ ಎರಡು ಗಳಿಗೆ ತಡ

ತಮಿಳು ಸೀಮೆಯ ಅವಿನಾಶಿಯಿಂದ ಮೂರು ಮೈಲಿ ಒಳಗಿರುವ, ಮನೆಮಾತು ಕನ್ನಡವಾದ ಆ ನೇಕಾರರ ಬೀದಿಯಲ್ಲಿ ಚೆನ್ನಿಯಪ್ಪನ್‌ಗೆ ಪಂಚಾಂಗ ಎಂದೇ ಹೆಸರು. ಮುಹೂರ್ತ ನೋಡುವ ಪಂಚಾಂಗವಲ್ಲ, ಅದಕ್ಕೆ ಬೇರೆಯವರಿದ್ದರು. ಇವನ ಹತ್ತಿರ ಇದ್ದದ್ದು ಚಂದ್ರನೊಬ್ಬನ ಲೆಕ್ಕ. ಇವತ್ತು ಚಂದ್ರ ಎಷ್ಟು ಹೊತ್ತಿಗೆ ಹುಟ್ಟುತ್ತಾನೆ, ನಾಳೆ ಎಷ್ಟು ಹೊತ್ತಿಗೆ ಮುಳುಗುತ್ತಾನೆ, ಮುಂದಿನ ತಿಂಗಳು ಇದೇ ತಾರೀಕು ರಾತ್ರಿ ಹತ್ತಕ್ಕೆ ಆಕಾಶದ ಯಾವ ಮೂಲೆಯಲ್ಲಿರುತ್ತಾನೆ, ಯಾವುದನ್ನು ಕೇಳಿದರೂ ವಿದ್ಯುತ್ ಮಗ್ಗದ ಮುಂದೆ ನಿಂತು ಕಡಿದ ಎಳೆಗೆ ಗಂಟು ಹಾಕುತ್ತಲೇ ಹೇಳಿಬಿಡುತ್ತಿದ್ದ.

ಪಕ್ಕದ ಮಗ್ಗಗಳನ್ನು ನೋಡಿಕೊಳ್ಳುತ್ತಿದ್ದ ಅಂಗಪ್ಪನ್ ಇವನನ್ನು ಪರೀಕ್ಷೆ ಮಾಡಿ ಮಾಡಿ ಸೋತಿದ್ದ. ಮೊಬೈಲಿನಲ್ಲಿ ನೋಡಿಕೊಂಡು ಬಂದು, ಏನೂ ಗೊತ್ತಿಲ್ಲದವನ ಹಾಗೆ ಕೇಳುವುದು. ಇವನ ಮಾತಿಗೂ ಮೊಬೈಲಿಗೂ ಹತ್ತು ನಿಮಿಷ ವ್ಯತ್ಯಾಸ ಬಂದರೆ ಹೆಚ್ಚು. "ನಿನಗೆ ಈ ಮಗ್ಗದ ವೇಲೆ ಕೊಟ್ಟಿರೋದು ಓನರೋ, ಇಲ್ಲ ಆ ಚಂದ್ರನೋ, ಅದೊಂದು ಹೇಳ್ಬುಡು" ಎಂದು ಕಿಚಾಯಿಸುತ್ತಿದ್ದ. ಚೆನ್ನಿಯಪ್ಪನ್ ನಕ್ಕು ಸುಮ್ಮನಾಗುತ್ತಿದ್ದ. ನಿಜ ಹೇಳುವಂತಿರಲಿಲ್ಲವಾದ್ದರಿಂದ ನಗುವುದೊಂದೇ ಉಳಿದಿತ್ತು.

ನಿಜ ಇಷ್ಟೇ. ಕತ್ತಲಾದ ಮೇಲೆ ಚೆನ್ನಿಯಪ್ಪನ್‌ಗೆ ಕಣ್ಣು ಕಾಣುತ್ತಿರಲಿಲ್ಲ. ಹಗಲಲ್ಲಿ ನೂಲಿನ ಎಳೆ ಎಣಿಸುವ ಕಣ್ಣು, ಟ್ಯೂಬ್‌ಲೈಟಿನ ಕೆಳಗೆ ಬಟ್ಟೆಯ ದೋಷ ಹಿಡಿಯುವ ಕಣ್ಣು, ದೀಪವಿಲ್ಲದ ದಾರಿಗೆ ಇಳಿದ ಕೂಡಲೇ ಕೈಬಿಡುತ್ತಿತ್ತು. ಆ ಸೀಮೆಯ ತಮಿಳಿನಲ್ಲಿ ಮಾಲೈಕಣ್ ಅನ್ನುತ್ತಾರೆ, ನಮ್ಮಲ್ಲಿ ಇರುಳುಗುರುಡು. ಶೆಡ್ಡಿನಿಂದ ಮನೆಗೆ ಒಂದು ಮೈಲಿ ಮಣ್ಣುದಾರಿ, ನಡುವೆ ಕಟ್ಟೆಯಿಲ್ಲದ ಎರಡು ಬಾವಿ. ಅವನ ತಾಯಿಯ ಅಪ್ಪ ಅಂಥದೇ ಒಂದು ಬಾವಿಯಲ್ಲಿ ಸತ್ತಿದ್ದ. ಕುಡಿದು ಬಿದ್ದ ಎಂದು ಊರು ಹೇಳಿತ್ತು. ಆ ಮುದುಕ ಜನ್ಮದಲ್ಲಿ ಕುಡಿದವನಲ್ಲ. ಆದರೆ ಕುಡುಕ ಅನ್ನಿಸಿಕೊಳ್ಳುವುದು ಕುರುಡ ಅನ್ನಿಸಿಕೊಳ್ಳುವುದಕ್ಕಿಂತ ಮೇಲು ಎಂದು ಮನೆಯವರೂ ಬಾಯಿ ಮುಚ್ಚಿಕೊಂಡಿದ್ದರು.

ಬೆಳದಿಂಗಳಿದ್ದರೆ ಮಾತ್ರ ಆ ಮಣ್ಣುದಾರಿ ಅವನಿಗೆ ಒಂದು ಬಿಳೀ ಪಟ್ಟಿಯಾಗಿ ಕಾಣುತ್ತಿತ್ತು. ಅದಕ್ಕೇ ಈ ಲೆಕ್ಕ. ಅಮಾವಾಸ್ಯೆಗೆ ಚಂದ್ರ ಸೂರ್ಯನ ಜೊತೆ ಹುಟ್ಟಿ ಸೂರ್ಯನ ಜೊತೆಯೇ ಮುಳುಗುತ್ತಾನೆ. ಆಮೇಲೆ ದಿನಕ್ಕೆ ಎರಡು ಗಳಿಗೆ, ಅಂದರೆ ಮುಕ್ಕಾಲು ಗಂಟೆಯ ಮೇಲೆ ಒಂದು ಚೂರು, ತಡ ಮಾಡುತ್ತಾ ಹೋಗುತ್ತಾನೆ. ಶುಕ್ಲ ಪಕ್ಷದ ಷಷ್ಠಿಯ ಹೊತ್ತಿಗೆ ರಾತ್ರಿ ಹನ್ನೊಂದರವರೆಗೂ ಆಕಾಶದಲ್ಲಿರುತ್ತಾನೆ. ಅವತ್ತಿನಿಂದ ಹುಣ್ಣಿಮೆಯ ತನಕ ಚೆನ್ನಿಯಪ್ಪನ್ ಮಧ್ಯಾಹ್ನದ ಪಾಳಿ ಮಾಡಿ, ರಾತ್ರಿ ಹತ್ತಕ್ಕೆ ಬೆಳದಿಂಗಳಲ್ಲಿ ಮನೆಗೆ ಬರುತ್ತಿದ್ದ. ಹುಣ್ಣಿಮೆ ಕಳೆದರೆ ಚಂದ್ರ ಸಂಜೆಗೆ ಸಿಗುವುದಿಲ್ಲ, ತಡವಾಗಿ ಹುಟ್ಟಿ ಬೆಳಗಿನ ಜಾವ ನೆತ್ತಿಯ ಮೇಲಿರುತ್ತಾನೆ. ಆಗ ಅಂಗಪ್ಪನ್ ಜೊತೆ ಪಾಳಿ ಬದಲಾಯಿಸಿಕೊಂಡು ಮುಂಜಾನೆ ನಾಲ್ಕರದ್ದಕ್ಕೆ ಹೋಗುತ್ತಿದ್ದ. ಅಮಾವಾಸ್ಯೆಯ ಆಚೆ ಈಚೆ ಎಂಟೊಂಬತ್ತು ದಿನ ಯಾವ ಹೊತ್ತಿಗೂ ಚಂದ್ರನ ಆಸರೆಯಿಲ್ಲ. ಆ ದಿನಗಳಲ್ಲಿ ಸೊಂಟ ನೋವು ಎಂದು ಹೇಳಿ ಶೆಡ್ಡಿನಲ್ಲೇ ಬಟ್ಟೆ ಗಂಟುಗಳ ಮೇಲೆ ಮಲಗಿಬಿಡುತ್ತಿದ್ದ. ಇಪ್ಪತ್ತೆಂಟು ವರ್ಷ ಹೀಗೇ ನಡೆದಿತ್ತು. ಟಾರ್ಚು ಹಿಡಿದು ನೋಡಿದ್ದುಂಟು. ಟಾರ್ಚು ಬಿದ್ದ ಕಡೆ ಕಾಣುತ್ತದೆ, ಕಾಲು ಬೀಳುವ ಕಡೆ ಕಾಣುವುದಿಲ್ಲ. ಅದೂ ಅಲ್ಲದೆ ಹಿಟ್ಟು ಚೆಲ್ಲಿದಂಥ ಬೆಳದಿಂಗಳಲ್ಲಿ ಟಾರ್ಚು ಹಿಡಿದು ಹೋಗುವವನನ್ನು ನಾಲ್ಕು ಜನ ಯಾಕೆ ಎಂದು ಕೇಳದೆ ಬಿಡುವುದಿಲ್ಲ.

ಮದುವೆಯ ಕಾಲಕ್ಕೂ ಇದೇ ಭಯ. ಹೊರಗಿನಿಂದ ಹೆಣ್ಣು ತಂದರೆ ಹತ್ತು ದಿನದಲ್ಲಿ ಗುಟ್ಟು ಬೀದಿಗೆ ಬರುತ್ತದೆ. ಆಗ ಅವನ ಅಕ್ಕ ಮುತ್ತಮ್ಮಾಳ್ ತನ್ನ ಮಗಳು ರಾಮಾಯಿಯನ್ನೇ ಕೊಟ್ಟಳು. ತಮ್ಮನ ಮೇಲಿನ ಮರುಕಕ್ಕೆ ಕೊಟ್ಟಳು, ಸೋದರಮಾವನಿಗೆ ಹೆಣ್ಣು ಕೊಡುವುದು ಅವರಲ್ಲಿ ಹೊಸದೂ ಅಲ್ಲ. ರಾಮಾಯಿಗೆ ವಾರದೊಳಗೆ ಎಲ್ಲ ಗೊತ್ತಾಯಿತು. ಅವಳು ಒಂದು ಮಾತೂ ಆಡಲಿಲ್ಲ. ಅವತ್ತಿನಿಂದ ನೀರಿನ ಕೊಡ, ಚಪ್ಪಲಿ, ಕುರ್ಚಿ, ಯಾವುದನ್ನೂ ಇದ್ದ ಜಾಗದಿಂದ ಒಂದು ಗೇಣೂ ಕದಲಿಸಲಿಲ್ಲ. ಇಂಥ ಹೆಂಡತಿ ಸಿಕ್ಕಿದ್ದು ತನ್ನ ಪುಣ್ಯ ಎಂದು ಚೆನ್ನಿಯಪ್ಪನ್ ಅಂದುಕೊಂಡಿದ್ದ. ಗುಟ್ಟು ಮನೆಯೊಳಗೇ ಉಳಿಯಿತು ಎಂದೂ ಅಂದುಕೊಂಡಿದ್ದ.

ಮಗಳು ಸತ್ಯಾ ಹುಟ್ಟಿದ ಮೇಲೆ ಅವನಿಗೆ ಉಳಿದ ಆಸೆ ಒಂದೇ: ಇದು ಇವಳಿಗೆ ಬರಬಾರದು. ದೇವರ ಮುಂದೆ ನಿಂತರೂ ಬೇರೇನೂ ಕೇಳುತ್ತಿರಲಿಲ್ಲ. ಹೊನಗೊನೆ ಸೊಪ್ಪು ಕಣ್ಣಿಗೆ ಒಳ್ಳೆಯದೆಂದು ವಾರಕ್ಕೆ ಮೂರು ಸಲ ತಂದು, ಅವಳು ಅಳುತ್ತಿದ್ದರೂ ತಿನ್ನಿಸುತ್ತಿದ್ದ. ಅವಳು ಹೈಸ್ಕೂಲು ದಾಟಿದ ಮೇಲೂ, ಕರೆಂಟು ಹೋದಾಗ ಬೇಕೆಂದೇ ಹಿತ್ತಲಲ್ಲಿ ಸ್ಟೀಲ್ ಲೋಟ ಬೀಳಿಸಿ, "ಪಾಪಾ, ಅದನ್ನ ಎತ್ತಿಕೊಂಡು ಬಾ" ಅನ್ನುತ್ತಿದ್ದ. ಅವಳು ಓಡಿಹೋಗಿ ತರುತ್ತಿದ್ದಳು. ಪ್ರತಿ ಸಲ ಅವನ ಎದೆಯ ಮೇಲಿಂದ ಒಂದು ಕಲ್ಲು ಇಳಿದಂತಾಗುತ್ತಿತ್ತು, ಮರುವಾರ ಮತ್ತೆ ಅಲ್ಲೇ ಬಂದು ಕೂರುತ್ತಿತ್ತು.

ಚಂದ್ರನ ಲೆಕ್ಕವನ್ನು ಅವಳಿಗೆ ಕಲಿಸಿದ್ದೂ ಅವನೇ. ಎಂಟು ವರ್ಷದವಳಿದ್ದಾಗ, ಚಂದ್ರನನ್ನು ದಿನಾ ತಿನ್ನುವವರು ಯಾರು ಎಂದು ಕೇಳಿದ್ದಳು. ಕೋಣೆಯಲ್ಲಿ ಒಂದೇ ಒಂದು ಬಲ್ಬು ಹಚ್ಚಿ, ಬಿಳೀ ನೂಲಿನ ಉಂಡೆಯನ್ನು ಕಡ್ಡಿಗೆ ಚುಚ್ಚಿ ಅವಳ ಕೈಗೆ ಕೊಟ್ಟು, ನಿಂತಲ್ಲೇ ಸುತ್ತು ಎಂದ. ಬಲ್ಬಿನ ಕಡೆ ಚಾಚಿದಾಗ ಉಂಡೆಯ ಕಪ್ಪು ಮಗ್ಗುಲು ಅವಳ ಕಡೆಗಿತ್ತು, ಅದು ಅಮಾವಾಸ್ಯೆ. ಕಾಲು ಸುತ್ತು ಸುತ್ತಿದರೆ ಅರ್ಧ ಬಿಳುಪು. ಬಲ್ಬಿಗೆ ಬೆನ್ನು ಮಾಡಿ ಉಂಡೆಯನ್ನು ತಲೆಗಿಂತ ಮೇಲೆತ್ತಿದಾಗ ಪೂರ್ತಿ ಬೆಳ್ಳಗೆ. "ಅರ್ಧ ಉಂಡೆಗೆ ಎಲ್ಲಾ ನೇರವೂ, ಯಾವ ಹೊತ್ತಲ್ಲೂ, ಬೆಳಕಿರುತ್ತೆ ಪಾಪಾ. ನಾವು ಯಾವ ಮಗ್ಗುಲು ನೋಡ್ತೀವೋ ಅದು ಬೇರೆ ಆಗುತ್ತೆ, ಅಷ್ಟೇ. ಯಾರೂ ತಿನ್ನಲ್ಲ." ಅವಳು ತಲೆ ತಿರುಗಿ ಬೀಳುವ ತನಕ ಸುತ್ತಿದಳು. ಆಮೇಲೆ ಹುಟ್ಟುವ ಹೊತ್ತು, ಮುಳುಗುವ ಹೊತ್ತು, ಎರಡು ಗಳಿಗೆ ಲೆಕ್ಕ ಎಲ್ಲ ಹೇಳಿಕೊಟ್ಟ. ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಅಪ್ಪನಿಗಿಂತ ಬೇಗ ಹೇಳುತ್ತಿದ್ದಳು. ಅವನು ಅದನ್ನು ಶೆಡ್ಡಿನಲ್ಲಿ ಹೇಳಿಕೊಂಡು ಮೆರೆದಿದ್ದೂ ಇದೆ.

ಈಗ ಸತ್ಯಾಗೆ ಇಪ್ಪತ್ತಮೂರು. ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಕೆಲಸ. ಗಂಡು ಹುಡುಕುವ ಕಷ್ಟವೇ ಇರಲಿಲ್ಲ, ರಾಮಾಯಿಯ ಅಣ್ಣ ಮುರುಗೇಶನ್‌ನ ಮಗ ಇಳಂಗೋ ಇದ್ದ. ಪಕ್ಕದ ಬೀದಿ, ಚಿಕ್ಕಂದಿನಿಂದ ಒಟ್ಟಿಗೆ ಆಡಿದವರು, ಇಬ್ಬರಿಗೂ ಮನಸ್ಸಿತ್ತು. ನಿಶ್ಚಿತಾರ್ಥಕ್ಕೆ ದಿನ ಗೊತ್ತುಮಾಡಲು ಒಂದು ಭಾನುವಾರ ಎಲ್ಲರೂ ಕೂತರು. ಆ ಸೀಮೆಯಲ್ಲಿ ಅಮಾವಾಸ್ಯೆ ಕಳೆದ ಮೂರನೇ ದಿನದ ಎಳೆಚಂದ್ರನನ್ನು ನೋಡುವುದು ಶುಭ. ಹೆಂಗಸರು ತಾಳಿ ಮುಟ್ಟಿಕೊಂಡು ನೋಡುತ್ತಾರೆ. ಅವತ್ತು ಸಂಜೆ ಗುಡಿಯಲ್ಲಿ ಶಾಸ್ತ್ರ ಮುಗಿಸಿ ಹೊರಗೆ ಬಂದು ಪಿರೈ ನೋಡೋಣ ಎಂದು ಮುತ್ತಮ್ಮಾಳ್ ಹೇಳಿದಳು.

"ಬೇಡ ಅವ್ವಾ" ಎಂದಳು ಸತ್ಯಾ ಅಜ್ಜಿಗೆ, ತಲೆ ಎತ್ತದೆ. "ಅವತ್ತು ಎಂಟು ಗಂಟೆಗೆಲ್ಲ ಮುಳುಗೋಗುತ್ತೆ. ವಾಪಸ್ ಬರೋ ನೇರಕ್ಕೆ ದಾರೀಲಿ ಒಂದು ಚೂರೂ ಬೆಳಕಿರಲ್ಲ. ದಶಮಿ ಇಡಿ. ಆವತ್ತು ರಾತ್ರಿ ಎರಡು ಗಂಟೆ ಗಂಟ ಇರುತ್ತೆ."

ಎಲ್ಲರೂ ನಕ್ಕರು. ಅಪ್ಪನಿಗೆ ತಕ್ಕ ಮಗಳು ಎಂದ ಮುರುಗೇಶನ್. ಚೆನ್ನಿಯಪ್ಪನ್ ಮಾತ್ರ ನಗಲಿಲ್ಲ. ಚಂದ್ರನ ಲೆಕ್ಕ ಬಲ್ಲವರು ಬೇಕಾದಷ್ಟು ಜನ ಇರಬಹುದು, ಮನೆಗೆ ಮರಳುವ ದಾರಿಯಿಂದ ಲೆಕ್ಕ ಶುರುಮಾಡುವವನು ತಾನೊಬ್ಬನೇ ಎಂದು ಅವನು ತಿಳಿದಿದ್ದ.  ಹುಡುಗಿ ಜಾಣೆ, ಅಷ್ಟೇ ಎಂದು ತನಗೆ ತಾನೇ ಹೇಳಿಕೊಂಡ. ಆ ರಾತ್ರಿ ನಿದ್ದೆ ಬರಲಿಲ್ಲ.

ಮುಂದಿನ ಹುಣ್ಣಿಮೆ ಕಳೆದ ವಾರ ಸತ್ಯಾಳ ಕಂಪನಿಯಲ್ಲಿ ಸರಕು ಹೊರಡುವ ಅವಸರ. ಎಲ್ಲರಿಗೂ ಹೆಚ್ಚು ಹೊತ್ತಿನ ಕೆಲಸ, ಬೇಡ ಅನ್ನುವ ಹಾಗಿಲ್ಲ. ಎಂಟೂವರೆಗೆ ಬಸ್ಸು ಮುಖ್ಯರಸ್ತೆಯಲ್ಲಿ ಇಳಿಸುತ್ತದೆ, ಅಲ್ಲಿಂದ ಮನೆಗೆ ಕಾಲು ಗಂಟೆಯ ನಡಿಗೆ. ಬಿದಿಗೆಯ ದಿನ ಎಂಟೂ ಮುಕ್ಕಾಲಿಗೆ ಬಂದಳು. ತದಿಗೆಯ ದಿನ ಒಂಬತ್ತೂ ಹತ್ತು. ಯಾಕೆ ಎಂದು ರಾಮಾಯಿ ಕೇಳಿದಾಗ, ಬಸ್ಸು ಲೇಟು ಎಂದಳು. ಚೌತಿಯ ದಿನ ಬಂದಾಗ ಸರಿಯಾಗಿ ಹತ್ತು ಗಂಟೆ. ಮತ್ತೆ ಬಸ್ಸು ಲೇಟು.

ಚೆನ್ನಿಯಪ್ಪನ್ ಚಾಪೆಯ ಮೇಲೆ ಮಲಗಿ ಸೂರು ನೋಡುತ್ತಿದ್ದ. ತದಿಗೆಗೆ ಒಂಬತ್ತೂ ಹತ್ತು, ಚೌತಿಗೆ ಹತ್ತು. ಬಸ್ಸು ದಿನಕ್ಕೆ ಎರಡು ಗಳಿಗೆ ತಡವಾಗುತ್ತಿತ್ತು. ಯಾವ ದೇಶದಲ್ಲೂ ಬಸ್ಸು ಹಾಗೆ ಲೆಕ್ಕ ಹಾಕಿ ತಡವಾಗುವುದಿಲ್ಲ. ಅವನು ಎದ್ದು ಕೂತ.

ಮರುದಿನ ಪಂಚಮಿ. ಕ್ಷೌರಕ್ಕೆ ಹೋಗಿ ಬರುತ್ತೇನೆ ಎಂದು ರಾಮಾಯಿಗೆ ಹೇಳಿ, ಬೆಳಕಿರುವಾಗಲೇ ಆರು ಗಂಟೆಗೆ ಮುಖ್ಯರಸ್ತೆಯ ಬಸ್ ಸ್ಟಾಪಿಗೆ ಬಂದು ಕೂತ. ಅಲ್ಲಿನ ಟ್ಯೂಬ್‌ಲೈಟು ಕೆಟ್ಟು ಎಷ್ಟೋ ಕಾಲವಾಗಿತ್ತು. ಏಳು ಗಂಟೆಯ ಹೊತ್ತಿಗೆ ಅವನಿಗೆ ತನ್ನ ಮೊಣಕಾಲೂ ಕಾಣದಾಯಿತು. ಲಾರಿಗಳ ಬೆಳಕು ಕಣ್ಣಿಗೆ ಹೊಡೆದು ಹೋಗುತ್ತಿತ್ತು, ಹೋದ ಮೇಲೆ ಕತ್ತಲು ಇನ್ನೂ ದಪ್ಪವಾಗುತ್ತಿತ್ತು. ಎಂಟೂವರೆಗೆ ಬಸ್ಸು ಬಂದು ನಿಂತಿತು. ಒಂದು ನಿಮಿಷವೂ ತಡವಾಗಿರಲಿಲ್ಲ. ಯಾರೋ ಇಳಿದರು, ಹುಡುಗಿಯರ ಮಾತು ಕೇಳಿಸಿತು, ಸ್ಕೂಟರುಗಳು ಬಂದು ಅವರನ್ನು ಕರೆದುಕೊಂಡು ಹೋದವು. ಆಮೇಲೆ ಒಂದು ಜೊತೆ ಚಪ್ಪಲಿಯ ಸದ್ದು ಮೆಲ್ಲಗೆ, ತಡವರಿಸಿಕೊಂಡು, ಸ್ಟಾಪಿನೊಳಗೆ ಬಂತು. ಒಂದು ಕೈ ಕಲ್ಲುಬೆಂಚನ್ನು ಹುಡುಕಿ ಸವರಿತು. ಅವನಿಂದ ಮೊಳದ ದೂರದಲ್ಲಿ ಯಾರೋ ಕೂತರು. ಅವನು ಇರುವುದು ಆ ಜೀವಕ್ಕೆ ಕಾಣಲಿಲ್ಲ.

ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಇಪ್ಪತ್ತಮೂರು ವರ್ಷದ ಬೇಡಿಕೆ ಆ ಬೆಂಚಿನ ಮೇಲೆ ಮುಗಿಯಿತು. ಅವನಿಗೆ ಕೂಗಿ ಅಳಬೇಕು ಅನ್ನಿಸಿತು, ಹೆದರುತ್ತಾಳೆ ಎಂದು ತಡೆದುಕೊಂಡ.

"ಸತ್ಯಾ" ಎಂದ, ಆದಷ್ಟು ಮೆಲ್ಲಗೆ.

ಅವಳು ಬೆಚ್ಚಿದ್ದು ಬೆಂಚಿಗೇ ತಿಳಿಯಿತು. 

"ಎಷ್ಟು ದಿನದಿಂದ?"

"ಹತ್ತನೇದು ಮುಗಿದ ಮೇಲೆ" ಎಂದಳು. "ಮೊದಲು ನಕ್ಷತ್ರ ಹೋದವು. ಆಮೇಲೆ ಒಂದೊಂದೇ."

"ನಾನು ಲೋಟ ಬೀಳಿಸ್ತಿದ್ದೆನಲ್ಲ. ನೀನು ತರ್ತಿದ್ದೆಯಲ್ಲ."

"ಸದ್ದು ಕೇಳಿಸುತ್ತಲ್ಲಪ್ಪಾ. ನೀನು ಒಂದೇ ಜಾಗದಲ್ಲಿ ನಿಂತು ಬೀಳಿಸ್ತಿದ್ದೆ. ಹಿತ್ತಲಲ್ಲಿ ಎಷ್ಟು ಹೆಜ್ಜೆ ಅಂತ ನನಗೆ ಗೊತ್ತಿತ್ತು." ಮತ್ತೆ ಹೇಳಿದಳು, "ನಾನು ತಂದ್ರೆ ನಿನ್ನ ದನಿಯಲ್ಲಿ ಒಂದು ಸಂತೋಷ ಬರ್ತಿತ್ತು. ಅದಕ್ಕೇ."

ಚೆನ್ನಿಯಪ್ಪನ್ ಅಂಗೈಯಿಂದ ಮುಖ ಒತ್ತಿಕೊಂಡ. ಅವನು ಮಗಳನ್ನು ಪರೀಕ್ಷೆ ಮಾಡುತ್ತಿದ್ದ, ಮಗಳು ಅವನನ್ನು ಸಾಕುತ್ತಿದ್ದಳು. ಫೋನಿನ ಟಾರ್ಚು ಇಲ್ಲವಾ ಎಂದು ಕೇಳಿದ, ಕೇಳುವಾಗಲೇ ಉತ್ತರ ಗೊತ್ತಿತ್ತು. ಹೋದ ತಿಂಗಳು ಅದನ್ನೇ ನಂಬಿ ಕಾಲುವೆಗೆ ಬಿದ್ದಳಂತೆ. ಮಳೆಯಲ್ಲಿ ಜಾರಿದೆ ಎಂದು ಮನೆಯಲ್ಲಿ ಹೇಳಿದ್ದಳು. ಇಳಂಗೋಗೆ ಮೂರು ವರ್ಷದಿಂದ ಎಲ್ಲ ಗೊತ್ತು, ಊರಲ್ಲಿದ್ದರೆ ಅವನೇ ಬಂದು ಕೈ ಹಿಡಿದು ಕರೆದುಕೊಂಡು ಹೋಗುತ್ತಾನೆ, ಈ ವಾರ ಕೆಲಸದ ಮೇಲೆ ಆನೈಮಲೈ ಕಡೆ ಹೋಗಿದ್ದಾನೆ ಎಂದೂ ಹೇಳಿದಳು.

"ಇನ್ನೂ ಎಷ್ಟು ಹೊತ್ತು?" ಎಂದು ಚೆನ್ನಿಯಪ್ಪನ್ ಕೇಳಿದ. ಯಾವುದಕ್ಕೆ ಎಂದು ಅವಳು ಕೇಳಲಿಲ್ಲ.

"ಹುಟ್ಟೋದು ಹತ್ತೂ ಕಾಲಿಗೆ. ಬೇವಿನ ಮರ ದಾಟಿ ಮೇಲೆ ಬರೋಕೆ ಇನ್ನೊಂದು ಇಪ್ಪತ್ತು ನಿಮಿಷ."

ಅಪ್ಪ, ಮಗಳು, ಮನೆಗೆ ಕಾಲು ಗಂಟೆಯ ದಾರಿ ಇಟ್ಟುಕೊಂಡು, ಎರಡು ಗಂಟೆ ಆ ಬೆಂಚಿನ ಮೇಲೆ ಕೂತಿದ್ದರು. ಇಬ್ಬರಲ್ಲಿ ಒಬ್ಬರಿಗಾದರೂ ಇನ್ನೊಬ್ಬರನ್ನು ಕರೆದುಕೊಂಡು ಹೋಗುವ ಕಣ್ಣಿರಲಿಲ್ಲ. ರಾಮಾಯಿ ಎರಡು ಸಲ ಫೋನು ಮಾಡಿದಳು. ಬಸ್ಸು ಲೇಟು, ನಾನೂ ಇಲ್ಲೇ ಇದ್ದೇನೆ ಎಂದು ಈ ಸಲ ಚೆನ್ನಿಯಪ್ಪನ್ ಹೇಳಿದ. ಚಂದ್ರ ಅವಳು ಹೇಳಿದ ಹೊತ್ತಿಗೇ ಬಂದ. ಅವನನ್ನು ಕಂಡು ಚೆನ್ನಿಯಪ್ಪನ್‌ಗೆ ಆದಷ್ಟು ಹೇವರಿಕೆ ಬೇರೆ ಯಾವತ್ತೂ ಆಗಿರಲಿಲ್ಲ. ಆದರೂ ಎದ್ದರು, ಬಿಳೀ ಪಟ್ಟಿಯ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆದರು.

ರಾಮಾಯಿಗೆ ತನ್ನ ಕಣ್ಣಿಗೆ ಎಂದು ಹೇಳಿ ಅವನು ಮಗಳನ್ನು ಕೊಯಮತ್ತೂರಿಗೆ ಕರೆದುಕೊಂಡು ಹೋದ. ಸಿಂಗಾನಲ್ಲೂರಿನಲ್ಲಿ ಬಸ್ಸಿಳಿದು ಕೇಳಿಕೊಂಡು ಒಂದು ಕಣ್ಣಾಸ್ಪತ್ರೆ ಸೇರಿದರು. ಡಾಕ್ಟರು ಚಿಕ್ಕ ವಯಸ್ಸಿನವಳು, ಹಿನಾ ಎಂದು ಹೆಸರು. ಅಪ್ಪ ಮಗಳು ಮಾತಾಡಿಕೊಳ್ಳುವುದನ್ನು ಕೇಳಿ ಅವಳ ಮುಖ ಅರಳಿತು. ತಾನು ದಾವಣಗೆರೆಯವಳು, ಇಲ್ಲಿಗೆ ಬಂದು ಎರಡು ವರ್ಷವಾಯಿತು, ಕನ್ನಡ ಕಿವಿಗೆ ಬೀಳುವುದೇ ಅಪರೂಪ ಎಂದಳು. ಇಬ್ಬರ ಕಣ್ಣನ್ನೂ ನೋಡಿದ ಮೇಲೆ ಆ ಮುಖ ಮತ್ತೆ ಅರಳಲಿಲ್ಲ. ಇಬ್ಬರ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು, ಐದು ವಾರ ಬಿಟ್ಟು ಬರಲು ಹೇಳಿದರು.

ಐದು ವಾರದ ಮೇಲೆ ಹಿನಾ ಕಾಗದ ಮುಂದಿಟ್ಟುಕೊಂಡು ನಿಧಾನವಾಗಿ ಹೇಳಿದಳು. "ಕಣ್ಣಿನ ಒಳಪದರ ಸ್ವಲ್ಪ ಸ್ವಲ್ಪವಾಗಿ ಸವೆಯುತ್ತೆ. ಮೊದಲು ರಾತ್ರಿ ಹೋಗುತ್ತೆ. ಆಮೇಲೆ ಅಕ್ಕಪಕ್ಕ ಕಾಣೋದು ಕಡಿಮೆಯಾಗುತ್ತೆ. ಸತ್ಯಾ ಅವರಿಗೆ ನಿಮಗಿಂತ ಬೇಗ ಆಗ್ತಿದೆ. ನಿಮ್ಮಿಬ್ಬರ ರಕ್ತದಲ್ಲಿರೋ ಈ ದೋಷಕ್ಕೆ ಸದ್ಯಕ್ಕೆ ಔಷಧ ಇಲ್ಲ. ನಾನು ಸುಳ್ಳು ಹೇಳಬಾರದು."

"ಸೊಪ್ಪು ತಿನ್ನಿಸಿದ್ದೆ, ಮೇಡಂ" ಎಂದ ಚೆನ್ನಿಯಪ್ಪನ್. "ತಪ್ಪದೆ ತಿನ್ನಿಸಿದ್ದೆ."

"ಸೊಪ್ಪಿನಿಂದ ಹೋಗೋದಲ್ಲ ಇದು. ಇದು ಬರಬೇಕಾದರೆ ಅಪ್ಪನಿಂದಲೂ ಬರಬೇಕು, ಅಮ್ಮನಿಂದಲೂ ಬರಬೇಕು. ನಿಮ್ಮ ಹೆಂಡತಿ ಸಂಬಂಧದಲ್ಲಿ ಏನಾಗಬೇಕು?"

"ಅಕ್ಕನ ಮಗಳು."

ಹಿನಾ ತಲೆಯಾಡಿಸಿದಳು. ಅವಳು ಅಲ್ಲಿಗೇ ಬಿಡುತ್ತಿದ್ದಳೇನೋ, ಚೆನ್ನಿಯಪ್ಪನ್ ಬಿಡಲಿಲ್ಲ. "ಹೊರಗಿನ ಹೆಣ್ಣು ತಂದಿದ್ರೆ?"

"ಹಾಗೆಲ್ಲ ಈಗ ಯೋಚನೆ ಮಾಡಬೇಡಿ."

"ಹೇಳಿ ಮೇಡಂ."

"ಬಹುಶಃ ಮಕ್ಕಳಿಗೆ ಬರ್ತಿರಲಿಲ್ಲ" ಎಂದಳು. ಆಮೇಲೆ ಸತ್ಯಾಳ ಕಡೆ ತಿರುಗಿ, "ಮದುವೆ ಗೊತ್ತಾಗಿದೆಯಾ?" ಎಂದು ಕೇಳಿದಳು. ಮಾಮನ ಮಗ ಎಂದಳು ಸತ್ಯಾ. ಹಿನಾ ಪೆನ್ನು ಕೆಳಗಿಟ್ಟಳು. "ಆ ಹುಡುಗನ ರಕ್ತವನ್ನೂ ನೋಡೋಣ. ಅವರಲ್ಲೂ ಇದ್ದರೆ, ಹುಟ್ಟುವ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಬರಬಹುದು. ಗೊತ್ತಿದ್ದು ನಿರ್ಧಾರ ಮಾಡೋದು ಒಳ್ಳೆಯದು."

ವಾಪಸ್ ಬಸ್ಸು ಹತ್ತಿದರು. ಗುಟ್ಟು ಮನೆಯಲ್ಲೇ ಇರಲಿ ಎಂದು ಮನೆಯೊಳಗಿನ ಹೆಣ್ಣನ್ನು ತಂದಿದ್ದ. ಗುಟ್ಟು ಮನೆಯಲ್ಲೇ ಇತ್ತು, ಬೆಳೆದು ದೊಡ್ಡದಾಗಿ, ಕಿಟಕಿಗೆ ತಲೆಯಾನಿಸಿ ಪಕ್ಕದಲ್ಲೇ ಕೂತಿತ್ತು. ಬೀದಿಯವರ ನಗುವಿಗೆ ಹೆದರಿ ಮಾಡಿದ ಒಂದು ಜಾಣತನ ಮಗಳ ಕಣ್ಣನ್ನು ತಿಂದಿತ್ತು. ಅವನನ್ನು ಅವನು ಎಷ್ಟು ಬೈದುಕೊಂಡರೂ ಸಾಲದಾಯಿತು.

ಊರಿಗೆ ಬಂದ ಮೇಲೆ ಇಳಂಗೋನ ರಕ್ತದ ಮಾತನ್ನು ಅವನು ಮೂರು ಸಲ ಎತ್ತಿದ, ಮೂರು ಸಲವೂ ಸತ್ಯಾ ಎದ್ದು ಹೋದಳು. ಅಮ್ಮನಿಗೂ ಅವ್ವನ ಮನೆಗೂ ಏನೂ ಹೇಳಕೂಡದು ಎಂದು ಮಾತು ತೆಗೆದುಕೊಂಡಳು. ಆ ಭಾನುವಾರ ದಿನ ಗೊತ್ತಾಗದೆ ಉಳಿದಿದ್ದ ನಿಶ್ಚಿತಾರ್ಥವನ್ನು ಒಂದು ಶುಕ್ರವಾರದ ಬೆಳಗಿನ ಹತ್ತು ಗಂಟೆಗೆ ಇಡಿಸಿದಳು. ಚಂದ್ರನ ಗೊಡವೆಯೇ ಬೇಡ ಎಂದು ಅವಳು ಅಂದಾಗ ಮುತ್ತಮ್ಮಾಳ್‌ಗೆ ಬೇಸರವಾಯಿತು, ಆದರೂ ಒಪ್ಪಿಕೊಂಡಳು.

ಆ ಬೆಳಗ್ಗೆ ಅಂಗಳದಲ್ಲಿ ಶಾಮಿಯಾನ, ಮುರುಗೇಶನ್ ಕಡೆಯವರು ಬಂದು ಕೂತಿದ್ದರು. ಚೆನ್ನಿಯಪ್ಪನ್ ಕೋಣೆಯೊಳಗೆ ಹೋಗಿ ಬಾಗಿಲು ಮುಂದೆ ಮಾಡಿದ. ಸತ್ಯಾ ಸೀರೆಯುಟ್ಟು ಬಳೆ ಹಾಕಿಕೊಳ್ಳುತ್ತಿದ್ದಳು.

"ಸತ್ಯಾ, ಇನ್ನೂ ನೇರ ಮೀರಿಲ್ಲ. ಏನಾದ್ರೂ ಒಂದು ನೆಪ ಹೇಳಿ ನಿಲ್ಸೋಣ. ಇಳಂಗೋನ ರಕ್ತ ನೋಡೋಣ. ಇದ್ರೆ ಬಿಟ್ಬುಡೋಣ."

"ಬಿಟ್ಬುಟ್ಟು?"

"ಹೊರಗೆ ಹುಡುಕೋಣ."

"ಹೇಳಿ ಹುಡುಕ್ತೀಯಾ, ಹೇಳದೆ ಹುಡುಕ್ತೀಯಾ?"

 ಹೇಳಿದರೆ ಹೊಸಿಲು ತುಳಿಯುವವರು ಯಾರೂ ಇರಲಿಲ್ಲ. ಹೇಳದಿದ್ದರೆ ಅವಳು ಯಾರದೋ ಮನೆಯಲ್ಲಿ ಹೆಜ್ಜೆ ಎಣಿಸಿಕೊಂಡು, ಸೊಂಟ ನೋವಿನ ಸುಳ್ಳು ಹೇಳಿಕೊಂಡು, ಅವನ ಬಾಳನ್ನೇ ಇನ್ನೊಂದು ಸಲ ಬಾಳಬೇಕಿತ್ತು.

"ಇಳಂಗೋಗೆ ಗೊತ್ತಪ್ಪಾ. ಎಲ್ಲಾ ಗೊತ್ತಿದ್ದು ಬೇಕು ಅಂತಾನೆ. ಅಂಥವರು ನನಗೆ ಇನ್ನೊಬ್ಬರು ಸಿಗ್ತಾರಾ?"

"ನಿನಗೆ ಒಳ್ಳೇದೇ, ನನಗೆ ತೆರಿಯಲ್ವಾ, ಗೊತ್ತಾಗಲ್ವಾ? ನಾನು ನಿನಗೋಸ್ಕರ ಹೇಳ್ತಿಲ್ಲ. ಹುಟ್ಟೋ ಕೂಸು ಏನು ಪಾಪ ಮಾಡಿತ್ತು? ತೆರಿದು ತೆರಿದು ಅದಕ್ಕೆ ಇದನ್ನ ಕೊಡೋದಾ?"

ಸತ್ಯಾ ಬಳೆ ಹಾಕಿಕೊಳ್ಳುವುದನ್ನು ನಿಲ್ಲಿಸಿದಳು. ಹಗಲಿನ ಬೆಳಕಿನಲ್ಲಿ ಅವಳ ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು, ಅವನ ಮುಖವನ್ನು ಪೂರ್ತಿ ನೋಡುತ್ತಿತ್ತು.

"ಅಪ್ಪಾ, ಒಂದು ಕೇಳ್ತೀನಿ. ಆ ಡಾಕ್ಟರಮ್ಮ ನಿನ್ನ ಕಲ್ಯಾಣದ ಮುಂಚೆ ಸಿಕ್ಕಿ ಇದನ್ನೇ ಹೇಳಿದ್ರೆ, ನೀನು ಅಮ್ಮನ್ನ ಕಟ್ತಿದ್ಯಾ?"

ಆಸ್ಪತ್ರೆಯಿಂದ ಬಂದ ರಾತ್ರಿಯಿಂದ ಅವನು ಈ ಪ್ರಶ್ನೆಯನ್ನು ಬಿಟ್ಟು ಬೇರೇನನ್ನೂ ಕೇಳಿಕೊಂಡಿರಲಿಲ್ಲ. ಉತ್ತರ ಸವೆದು ನುಣ್ಣಗಾಗಿ ನಾಲಿಗೆಯ ಮೇಲೇ ಇತ್ತು. ಕಟ್ಟುತ್ತಿರಲಿಲ್ಲ. ನೂರು ಸಲ ಕೇಳಿದರೂ ಕಟ್ಟುತ್ತಿರಲಿಲ್ಲ. ಆದರೆ ಕೇಳುತ್ತಿದ್ದವಳು ಸತ್ಯಾ. ಕಟ್ಟುತ್ತಿರಲಿಲ್ಲ ಎಂದರೆ, ನೀನು ಹುಟ್ಟಬಾರದಿತ್ತು ಎಂದು ಅವಳ ಮುಖಕ್ಕೇ ಹೇಳಿದಂತೆ. ಕಟ್ಟುತ್ತಿದ್ದೆ ಎಂದರೆ ಅಂಗಳದಲ್ಲಿ ಕೂತವರನ್ನು ಎಬ್ಬಿಸುವ ಹಕ್ಕು ಅವನಿಗಿಲ್ಲ. ಈ ಹುಡುಗಿಯನ್ನು ಅವನು ತನ್ನ ಉಸಿರಿಗಿಂತ ಹೆಚ್ಚು ಪ್ರೀತಿಸಿದ್ದ, ಇವಳ ಕಷ್ಟ ನೆನೆದು ಇವಳು ಬಾರದೇ ಇದ್ದಿದ್ದರೆ ಎಂದು ಬಯಸಿಯೂ ಇದ್ದ, ಎರಡೂ ಸುಳ್ಳಾಗಿರಲಿಲ್ಲ.

ಅವಳು ಕಾದಳು. ಅವನು ಬಾಯಿ ತೆರೆದ, ಮಾತು ಬರಲಿಲ್ಲ. ಆ ಸುಮ್ಮನಿರುವಿಕೆಯನ್ನು ಅವಳು ಓದಿಕೊಂಡಳು.

"ಶರಿ, ಬುಡಪ್ಪಾ" ಎಂದಳು. ಉಳಿದ ಬಳೆ ಹಾಕಿಕೊಂಡು, ಬಾಗಿಲು ತೆಗೆದು, ಬಿಸಿಲಿಗೆ ಹೋದಳು.

ಚೆನ್ನಿಯಪ್ಪನ್ ಕೂಡ ಹೊರಗೆ ಬಂದ. ಎಲ್ಲಿ ಕೂರಬೇಕೋ ಅಲ್ಲಿ ಕೂತ. ರಾಮಾಯಿ ವೀಳ್ಯದ ತಟ್ಟೆಯನ್ನು ಅವನ ಕೈಗೆ ಕೊಟ್ಟಳು, ಬಹಳ ದಿನದ ಮೇಲೆ ಅವಳ ಮುಖದಲ್ಲಿ ನಗುವಿತ್ತು. ಎದುರಿಗೆ ಮುರುಗೇಶನ್ ವಾಡಿಕೆಯಂತೆ ಎದ್ದು ನಿಂತು, ನಾಲ್ಕು ಜನಕ್ಕೆ ಕೇಳಿಸುವ ಹಾಗೆ ಕೇಳಿದ.

"ಮಾಮಾ, ನಿಮ್ಮ ಹೆಣ್ಣನ್ನ ನಮ್ಮ ಮನೆಗೆ ಕೊಡೋಕೆ ನಿಮಗೆ ಪೂರ್ತಿ ಸಮ್ಮತವಾ?"

ಮಗಳು ಅವನನ್ನು ನೋಡುತ್ತಿರಲಿಲ್ಲ. ನೆಲ ನೋಡುತ್ತಿದ್ದಳು.

"ಸಮ್ಮತ" ಎಂದ ಚೆನ್ನಿಯಪ್ಪನ್, ತಟ್ಟೆಯನ್ನು ಮುಂದಕ್ಕೆ ಚಾಚಿದ.